ಆಸ್ಪತ್ರೆಗೆ ಹೊರಡುವ ಮುನ್ನ

ಆಟೋ ಬಂದು ಬಾಗಿಲಲ್ಲಿ ನಿಂತಿತ್ತು. ಅಪ್ಪ ಕನ್ನಡಿಯ ಮುಂದೆ ಎಡಗೈಯಲ್ಲಿ ಗಡ್ಡ ಮಾಡಿಕೊಳ್ಳುತ್ತಿದ್ದರು. ಬೆಳಿಗ್ಗೆ ಏಳುವಾಗಲೇ ಅವರ ಬಲಗೈ ಸೋತಿತ್ತು, ಬಾಯಿ ಒಂದು ಬದಿಗೆ ವಾಲಿತ್ತು. ಭರಮಸಾಗರದಿಂದ ಚಿತ್ರದುರ್ಗದ ಆಸ್ಪತ್ರೆಗೆ ತಕ್ಷಣ ಹೊರಡಬೇಕಿತ್ತು. ಆದರೆ ಸೈನ್ಯದಿಂದ ನಿವೃತ್ತರಾದ ಮೇಲೂ ಅಪ್ಪ ಗಡ್ಡ ಮಾಡದೆ, ಬೂಟಿಗೆ ಪಾಲಿಶ್ ಹಾಕದೆ ಹೊಸಿಲು ದಾಟಿದವರಲ್ಲ. ನಾನು ರೇಜರ್ ಕಸಿದುಕೊಳ್ಳಲು ಹೋದೆ.

"ಬಿಡಮ್ಮ. ಹಿಂಗೇ ಹೋಗಿ ಡಾಕ್ಟ್ರ ಮುಂದೆ ನಿಂತ್ಕಳಾಕಾಗ್ತೈತಾ?" ಎಂದರು. ಮಾತು ಆಗಲೇ ತೊದಲುತ್ತಿತ್ತು.

ಆಟೋದವರು ಹೊರಗಿನಿಂದ ಕೂಗಿದರು: "ಹವಾಲ್ದಾರ್ರೇ, ಅಲ್ಲೇನು ಪರೇಡ್ ಐತೇನ್ರಿ? ಬರ್ರಿ ಬೇಗ."

ಅಪ್ಪ ನಕ್ಕರು, ಅರ್ಧ ಮುಖದಲ್ಲಿ ಮಾತ್ರ. ಆಮೇಲೆ ಕುರ್ಚಿಯಲ್ಲಿ ಕುಳಿತು ಒಂದೇ ಕೈಯಲ್ಲಿ ಬೂಟಿಗೆ ಪಾಲಿಶ್ ಹಚ್ಚತೊಡಗಿದರು. ಲೇಸು ಕಟ್ಟಲು ಅವರಿಂದ ಆಗಲಿಲ್ಲ. ನಾನು ಕೆಳಗೆ ಕೂತು ಕಟ್ಟಿದೆ. ಬಿಗಿಯಾಗಿಲ್ಲ ಎಂದು ಬಿಚ್ಚಿಸಿ ಮತ್ತೆ ಕಟ್ಟಿಸಿದರು.

ದಾರಿಯಲ್ಲೇ ಅವರ ಮಾತು ನಿಂತುಹೋಯಿತು. ಲಕ್ಷಣ ಕಂಡ ಕೂಡಲೇ ಯಾಕೆ ಕರೆತರಲಿಲ್ಲ ಎಂದು ಡಾಕ್ಟರ್ ಕೇಳಿದರು. ಅಪ್ಪನ ಹೊಳೆಯುವ ಬೂಟುಗಳನ್ನು ನರ್ಸ್ ಬಿಚ್ಚುತ್ತಿದ್ದರು.

ಅಪ್ಪ ಈಗ ಹಾಸಿಗೆ ಹಿಡಿದಿದ್ದಾರೆ. ಮಾತು ಮರಳುವುದು ಅನುಮಾನ ಎಂದು ಡಾಕ್ಟರ್ ಹೇಳಿದ್ದಾರೆ. ನೋಡಲು ಬಂದವರು "ಮಿಲಿಟ್ರಿ ಮನುಷ್ಯ, ಎಂಥಾ ಶಿಸ್ತು" ಎಂದು ಹೊಗಳುತ್ತಾರೆ. ನಾನು ಟೀ ತರುವ ನೆಪದಲ್ಲಿ ಒಳಗೆ ಹೋಗುತ್ತೇನೆ. ಆ ಶಿಸ್ತಿನ ಮೇಲೆ ನನಗೆ ತಡೆಯಲಾರದಷ್ಟು ಸಿಟ್ಟಿದೆ. ಅಪ್ಪನಿಗೆ ಎಲ್ಲವೂ ಕೇಳಿಸುತ್ತದೆ, ಹಾಗಾಗಿ ಅದನ್ನು ಮನೆಯಲ್ಲಿ ಇದುವರೆಗೆ ಬಾಯಿಬಿಟ್ಟು ಆಡಿಲ್ಲ.