ಮೀನುಮರಿಗಳಿಗೆ ಮಾಡಿದ ಉಪಚಾರ

ಬ್ರಿಟಿಷರ ಕಾಲದಲ್ಲಿ ನಾನು ಪುಣೆಯ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಮೀನಿನ ವಾಸನೆಯನ್ನೂ ಕಂಡವನಲ್ಲ. ಅಂಥವನನ್ನು ಒಂದು ಚಳಿಗಾಲ ಸಾಹೇಬರು ಊರಾಚೆ ಕಾತ್ರಜದ ಕೆರೆಯ ದಂಡೆಯ ತೊಟ್ಟಿಯಲ್ಲಿದ್ದ ಮೀನುಮರಿಗಳನ್ನು ನೋಡಿಕೊಳ್ಳಲು ಹಚ್ಚಿದರು. ಬೇಸಿಗೆಯ ಹೊತ್ತಿಗೆ ಅವು ಬೆರಳುದ್ದ ಆಗಬೇಕು, ಕೆರೆಗೆ ಬಿಡಬೇಕು.

ನಮ್ಮ ಧಾರವಾಡದ ಕಡೆ, ಬೀಗರು ಸಾಕೆಂದು ಎಲೆಗೆ ಕೈ ಅಡ್ಡ ಹಿಡಿದರೂ ಬೆರಳ ಸಂದಿಯಿಂದ ತುಪ್ಪ ಸುರಿಯುತ್ತೇವೆ. ಮರಿಗಳಿಗೂ ಹಾಗೇ ಮಾಡಿದೆ. ನಸುಕಿನಲ್ಲೇ ಗಾಣದಿಂದ ತಂದ ಶೇಂಗಾ ಹಿಂಡಿಯನ್ನು ಬುಟ್ಟಿಗಟ್ಟಲೆ ಸುರಿದೆ. ಮರಿಗಳು ಬೆಳೆಯಲಿಲ್ಲ. ನೀರು ನಾರಿತು, ದಿನಾ ಒಂದಿಷ್ಟು ಸತ್ತು ತೇಲತೊಡಗಿದವು.

ಅಲ್ಲೇ ಬಲೆ ಹೆಣೆಯುತ್ತಿದ್ದ ಸೊಲ್ಲಾಪುರದ ಕಡೆಯ ಮುದುಕಿಯೊಬ್ಬಳು ಎದ್ದು ಬಂದು, ಕೂಸಿಗೆ ಎರೆಯುವ ನೀರು ನೋಡುವ ಹಾಗೆ ತೊಟ್ಟಿಯಲ್ಲಿ ಮೊಣಕೈ ಅದ್ದಿದಳು.

"ನೀರು ಭಾಳ ತಣ್ಣಗದ ರೀ ರಾಯರ. ಥಂಡ್ಯಾಗ ಇವಕ್ಕ ಹಸಿವಿ ಎಲ್ಲಿಂದ ಬರಬೇಕು?"

"ಹಂಗಂತ ಉಪವಾಸ ಕೆಡವ್ಲೇನವ್ವಾ?"

"ಉಣ್ಣದೆ ಉಳಿದದ್ದು ಕೊಳೀತದ್ರಿ, ಅದೇ ವಿಷ. ಬಿಸಿಲೇರಿ ನೀರು ಬೆಚ್ಚಗಾದ ಮ್ಯಾಲೆ ಒಂದು ಹಿಡಿ ಹಾಕ್ರಿ. ಬ್ಯಾಸಗಿ ಬರ್ಲಿ, ತಾವ ಬೇಡ್ತಾವ."

ನೀರು ಬದಲಿಸಿ ಹಾಗೇ ಮಾಡಿದೆ. ಶಿವರಾತ್ರಿ ಕಳೆದು ಬಿಸಿಲು ಬಲಿತಾಗ, ನನ್ನ ನೆರಳು ಬಿದ್ದರೆ ಸಾಕು, ಮರಿಗಳು ಬಾಯಿ ತೆರೆದು ಮುತ್ತುತ್ತಿದ್ದವು. ಹಿಡಿ ಹೋಗಿ ಮತ್ತೆ ಬುಟ್ಟಿಯಾಯಿತು. ಬೆರಳುದ್ದವಾದ ಅವನ್ನು ಕೆರೆಗೆ ಬಿಟ್ಟ ದಿನ, ಆ ಖಾಲಿ ತೊಟ್ಟಿ ಮದುವೆ ಮುಗಿದ ಮನೆಯಂತೆ ಕಂಡಿತು.

ಈಗಲೂ ಚಳಿಗಾಲದಲ್ಲಿ ಊರಿಗೆ ಹೋದರೆ ನಮ್ಮ ಅತ್ತಿಗೆ ಮೂರನೆಯ ಹೋಳಿಗೆ ಹಿಡಿದು ನಿಲ್ಲುತ್ತಾರೆ. ನಾನು ತಂಬಿಗೆಯ ನೀರು ಮುಟ್ಟಿ, "ಇನ್ನೂ ತಣ್ಣಗದ ವೈನಿ" ಎನ್ನುತ್ತೇನೆ. ಅವರು ಆ ನೀರನ್ನು ಕಾಸಿ ತಂದಿಟ್ಟು, ಹೋಳಿಗೆ ಬಡಿಸಿಯೇ ಹೋಗುತ್ತಾರೆ.