ನನ್ನ ಲೈನಿನ ಅಪ್‌ಗ್ರೇಡ್

ಆ ಫೋನನ್ನು ನಾನು ಮೊದಲು ನೋಡಿದ್ದು ನಮ್ಮ ಪಕ್ಕದ ಊರಾದ ಇಸ್ಸಾಕ್ವಾದಲ್ಲಿ, ಮೈದುನನ ಮನೆಯ ವರಮಹಾಲಕ್ಷ್ಮಿ ಪೂಜೆಯ ದಿನ. ವಾರಗಿತ್ತಿ ಅದನ್ನು ತಾಂಬೂಲದ ತಟ್ಟೆಯ ಪಕ್ಕ ಇಟ್ಟಿದ್ದಳು. ಬಿಳಿ ಬಣ್ಣ, ಅಂಚಿಗೆ ಚಿನ್ನದ ಹೊಳಪು.

"ಎಷ್ಟಾಯ್ತೇ?" ಎಂದೆ.

"ಇನ್ನೂರು ಡಾಲರ್ ಅಷ್ಟೇ ಅಕ್ಕ. ಏನೋ ಆಫರ್ ಅಂತೆ, ಇವ್ರೇ ತಂದ್ರು."

ನನ್ನ ಫೋನಿನ ಗಾಜು ಮೂಲೆಯಿಂದ ಮೂಲೆಗೆ ಒಡೆದಿತ್ತು. ಅದನ್ನು ಪರ್ಸಿನಿಂದ ಹೊರಗೆ ತೆಗೆಯಲೇ ಇಲ್ಲ. ಕೋಸಂಬರಿ ರುಚಿಸಲಿಲ್ಲ. ಅವಳು ಈ ದೇಶಕ್ಕೆ ಬಂದದ್ದು ನನಗಿಂತ ಆರು ವರ್ಷ ತಡವಾಗಿ. ಅವಳಿಗೆ ಡ್ರೈವಿಂಗ್ ಕಲಿಸಿದ್ದು ನಾನು. ಈಗ ನನಗಿಂತ ದೊಡ್ಡ ಮನೆ, ಒಳ್ಳೆಯ ಕೆಲಸ, ಈ ಫೋನು, ಎಲ್ಲ ಅವಳಿಗೆ.

ಸೋಮವಾರ ಊಟದ ಬಿಡುವಿನಲ್ಲಿ ಆಫೀಸಿನ ಹತ್ತಿರದ ಫೋನ್ ಅಂಗಡಿಗೆ ನಡೆದೆ. ಕೌಂಟರಿನ ಹೆಂಗಸು ನನ್ನ ನಂಬರು ಒತ್ತಿ, ಆರುನೂರೈವತ್ತು ಎಂದಳು. ಇನ್ನೂರಲ್ಲವೇ ಎಂದು ಕೇಳಿದೆ. ಅದು ಲೈನಿಗೆ ಅಪ್‌ಗ್ರೇಡ್ ಬಂದಿರುವವರಿಗೆ, ಅಂದರೆ ಕಡಿಮೆ ಬೆಲೆಗೆ ಫೋನು ಬದಲಿಸುವ ಸರದಿ ಇರುವವರಿಗೆ ಮಾತ್ರ, ಅದೂ ಇನ್ನೆರಡು ವರ್ಷ ಕಂಪನಿ ಬಿಡುವುದಿಲ್ಲ ಎಂದು ಸಹಿ ಹಾಕಿದರೆ, ಎಂದಳು. ನನ್ನ ಹಿಂದಿನ ಒಪ್ಪಂದದ ಎರಡು ವರ್ಷ ಮುಗಿದು ಆರು ತಿಂಗಳಾಗಿದೆ ಎಂದು ವಾದಿಸಿದೆ. ಅವಳು ಪರದೆಯನ್ನು ನನ್ನತ್ತ ತಿರುಗಿಸಿದಳು. ನನ್ನ ಲೈನಿನ ಅಪ್‌ಗ್ರೇಡನ್ನು ಹಿಂದಿನ ತಿಂಗಳೇ ಬಳಸಿಯಾಗಿತ್ತು. ಒಪ್ಪಂದ ಹೊಸದಾಗಿ ಶುರುವಾಗಿತ್ತು. ಕೊಂಡ ಫೋನು ಬಿಳಿ ಮತ್ತು ಚಿನ್ನದ ಬಣ್ಣದ್ದು. ಕೆಳಗೆ ನನ್ನ ಗಂಡನ ಸಹಿ.

ಖರ್ಚು ಉಳಿಯಲೆಂದು ಅಣ್ಣ ತಮ್ಮ ಎರಡೂ ಮನೆಯ ಫೋನುಗಳನ್ನು ಒಂದೇ ಫ್ಯಾಮಿಲಿ ಪ್ಲಾನಿಗೆ ಸೇರಿಸಿದ್ದರು. ಖಾತೆ ನನ್ನ ಗಂಡನ ಹೆಸರಲ್ಲಿತ್ತು. ಒಂದು ಲೈನಿನ ಅಪ್‌ಗ್ರೇಡನ್ನು ಇನ್ನೊಂದು ಲೈನಿಗೆ ಕೊಡಬಹುದೆಂದು ನನಗೆ ಗೊತ್ತಾದದ್ದೇ ಅಂದು.

ಸಂಜೆ ಸಮಾಮಿಶ್‌ನ ನಮ್ಮ ಅಡುಗೆಮನೆಯಲ್ಲಿ ಇವರು ಹುರುಳಿಕಾಯಿ ಹೆಚ್ಚುತ್ತಿದ್ದರು.

"ನನ್ನ ಅಪ್‌ಗ್ರೇಡ್ ಅವಳಿಗೆ ಕೊಟ್ರಾ?"

ಚಾಕು ನಿಂತಿತು. "ತಮ್ಮ ಕೇಳ್ದ ಕಣೆ. ಅವಳ ಲೈನಿಗೆ ಇನ್ನೂ ಒಂದು ವರ್ಷ ಇತ್ತು. ನಂಗೆ ಇದೇ ಫೋನ್ ಸಾಕು ಅಂತ ನೀನೇ ಅಂದಿದ್ಯಲ್ಲ."

ಅಂದಿದ್ದೆ, ನಿಜ. ಇಲ್ಲ, ಹೊಸದು ತಗೋ ಎಂದು ಇವರು ಒತ್ತಾಯಿಸಲಿ ಎಂದು ಅಂದಿದ್ದೆ.

"ಕೊಡೋ ಮುಂಚೆ ನನ್ನನ್ನ ಒಂದು ಮಾತು ಕೇಳ್ಬಾರ್ದಿತ್ತಾ?"

ಇವರು ಹೆಚ್ಚಿದ ಹುರುಳಿಕಾಯಿಯನ್ನು ಬಾಣಲೆಗೆ ಸುರಿದರು. ಆಮೇಲೆ ತಮ್ಮನಿಗೆ ಫೋನ್ ಮಾಡಿರಬೇಕು. ಶನಿವಾರ ವಾರಗಿತ್ತಿ ಒಬ್ಬಳೇ ಕಾರಿನಲ್ಲಿ ಬಂದಳು. ಫೋನನ್ನು ಅದರ ಡಬ್ಬಿಯೊಳಗೇ ಮತ್ತೆ ಇಟ್ಟು ತಂದಿದ್ದಳು.

"ನಂಗೆ ದೇವ್ರಾಣೆ ಗೊತ್ತಿರ್ಲಿಲ್ಲ ಅಕ್ಕ. ನಿಮ್ದು ಅಂತ ಗೊತ್ತಿದ್ರೆ ಮುಟ್ತಾನೇ ಇರ್ಲಿಲ್ಲ. ತಗೊಳ್ಳಿ."

ಬೇಡ, ನೀನೇ ಇಟ್ಕೋ ಎನ್ನುವುದು ದೊಡ್ಡವಳಾದ ನನ್ನ ಕೆಲಸವಾಗಿತ್ತು. ಬಾಯಿವರೆಗೂ ಬಂತು, ಆಡಲಿಲ್ಲ. ಡಬ್ಬಿ ತೆಗೆದುಕೊಂಡೆ. ಇವರು ತಲೆ ತಗ್ಗಿಸಿ ಇನ್ನೂರಕ್ಕೆ ಚೆಕ್ ಬರೆದರು. ಅವಳು ಕಾಫಿ ಕುಡಿದು, ನನ್ನ ಮಗನ ತಲೆ ಸವರಿ, ಎಂದಿನಂತೆ ಹರಟಿ ಹೋದಳು.

ಮುಂದಿನ ಎಷ್ಟೋ ತಿಂಗಳು ಆ ಫೋನನ್ನು ಅವಳೆದುರು ಬೇಕೆಂದೇ ಹೊರಗೆ ತೆಗೆಯುತ್ತಿದ್ದೆ. ಅವಳ ಮುಖದಲ್ಲಿ ಒಂದಿಷ್ಟಾದರೂ ಉರಿ ಕಂಡೀತೇ ಎಂದು ಹುಡುಕುತ್ತಿದ್ದೆ. ಕಾಣಲಿಲ್ಲ. ಅವಳ ಸರದಿ ಬರುವಷ್ಟರಲ್ಲಿ ಕಂಪನಿ ಎರಡು ವರ್ಷದ ಒಪ್ಪಂದವನ್ನೂ ಇನ್ನೂರರ ಬೆಲೆಯನ್ನೂ ನಿಲ್ಲಿಸಿತು. ಇನ್ನು ಮೇಲೆ ಪೂರ್ತಿ ಬೆಲೆ, ತಿಂಗಳ ಕಂತಿನಲ್ಲಿ. ಈ ಸುದ್ದಿಯನ್ನು ಅವಳಿಗೆ ಹೇಳಿದ್ದು ನಾನೇ.

"ಹೋಗ್ಲಿ ಬಿಡಿ ಅಕ್ಕ, ಹಳೇದು ಇನ್ನೂ ಚೆನ್ನಾಗೇ ಇದೆ," ಎಂದಳು.

ಅವಳು ಮನಸ್ಸಿನಿಂದಲೇ ಹಾಗಂದಳು. ನಾನು ಅದೇ ಮಾತನ್ನು ಸುಳ್ಳು ಸುಳ್ಳೇ ಆಡಿದವಳು. ಅಂದು ಅವಳ ಮೇಲೆ ಹುಟ್ಟಿದಷ್ಟು ಹೊಟ್ಟೆಕಿಚ್ಚು ನನಗೆ ಫೋನಿನ ವಿಷಯದಲ್ಲೂ ಹುಟ್ಟಿರಲಿಲ್ಲ.