ನಡುವೆ ಇಳಿಯದ ವಿಮಾನ

ಶನಿವಾರ, ಸೋಮವಾರ ಮೂಡಲ ದಿಕ್ಕಿಗೆ ಶೂಲ ಇರುತ್ತದೆ, ಆ ದಿನ ಆ ಕಡೆ ಪ್ರಯಾಣ ಹೊರಡಬಾರದು ಅಂತ ನಮ್ಮವ್ವ ಹೇಳುತ್ತಿದ್ದಳು. ನಾನೂ ಅದನ್ನು ಮೀರಿದವಳಲ್ಲ. ಹಂಗಾಗಿ ನನ್ನ ತಂಗಿ ದಾವಣಗೆರೆಯ ವಿನೋಬನಗರದ ನಮ್ಮ ಮನೆಗೆ ಬಂದು, ಬ್ಯಾಂಕಾಕಿಗೆ ಶನಿವಾರ ಹೊರಡುತ್ತೇನೆ ಅಂದಾಗ ರೊಟ್ಟಿ ಬಡಿಯುತ್ತಿದ್ದ ನನ್ನ ಕೈ ನಿಂತಿತು.

ತಂಗಿ ಅಂದೆ. ಹುಟ್ಟಿದಾಗ ಗಂಡುಮಗು ಅಂತ ತೊಟ್ಟಿಲಿಗೆ ಹಾಕಿದ್ದರು. ಶಾಲೆಯಲ್ಲೂ ಪಾಸ್‌ಪೋರ್ಟಿನಲ್ಲೂ ಹಂಗೇ ಬರೆದಿತ್ತು. ತಾನು ಹೆಣ್ಣು ಅಂತ ಅವಳು ಬಹಳ ಹಿಂದೆಯೇ ನನಗೊಬ್ಬಳಿಗೆ ಹೇಳಿದ್ದಳು. ಹರಿಹರದ ಒಂದು ಕಾರ್ಖಾನೆಯ ಆಫೀಸಿನಲ್ಲಿ ನಕ್ಷೆ ತೆಗೆಯುವ ಕೆಲಸ ಮಾಡುತ್ತ, ಬಾಡಿಗೆ ಖೋಲಿಯಲ್ಲಿ ಒಬ್ಬಳೇ ಇದ್ದು ಕೂಡಿಟ್ಟು, ದೇಹವನ್ನು ಮನಸ್ಸಿಗೆ ಸರಿಹೊಂದಿಸುವ ಆಪರೇಷನ್ನಿಗೆ ಅಲ್ಲಿನ ಡಾಕ್ಟರರ ಹತ್ತಿರ ದಿನ ಗೊತ್ತುಮಾಡಿಕೊಂಡಿದ್ದಳು. ಅಪ್ಪ, ಅವ್ವ ಇಬ್ಬರೂ ಅಷ್ಟೊತ್ತಿಗೆ ಶಿವನ ಪಾದ ಸೇರಿದ್ದರು. ನಮ್ಮ ಮನೆಯವರಿಗೆ ಹೇಳಲು ಹೋದರೆ, "ಪೂರ್ತಿ ಹೇಳಬ್ಯಾಡ. ಯಾರಾದ್ರೂ ಕೇಳಿದ್ರೆ ನನಗೆ ಸುಳ್ಳು ಹೇಳಾಕೆ ಬರಲ್ಲ," ಅಂದು ಚಪ್ಪಲಿ ಮೆಟ್ಟಿ ಅಂಗಡಿಗೆ ಹೋದರು. ಬೈಯಲಿಲ್ಲ. ಅಷ್ಟು ಶಿವನ ದಯೆ. ಆದರೆ ಅವತ್ತಿನಿಂದ ಈ ಮಾತು ಆಡಲಿಕ್ಕೆ ನನಗೆ ಮನೆಯಲ್ಲೂ ಜನ ಇಲ್ಲದಂಗಾಯಿತು.

ಟಿಕೆಟ್ ಮಾಡಿಸುವವನು ಎರಡು ದಾರಿ ಹೇಳಿದ್ದನಂತೆ. ಗುರುವಾರ ಹೊರಟರೆ ನಡುವೆ ಇನ್ನೊಂದು ದೇಶದಲ್ಲಿ ಇಳಿದು, ರಾತ್ರಿ ಕಳೆದು, ಬೇರೆ ವಿಮಾನ ಹತ್ತಬೇಕು, ಅದು ಅಗ್ಗ. ಶನಿವಾರ ಹೊರಟರೆ ಮದ್ರಾಸಿನಿಂದ ನೇರ.

"ಗುರುವಾರನ ಹೋಗು ಮತ್ತೆ. ದಿನಾನೂ ಒಳ್ಳೇದು, ಇನ್ನೊಂದು ಊರೂ ನೋಡಿದಂಗಾಗ್ತೈತೆ," ಅಂದೆ.

"ಅಕ್ಕಾ, ಅದು ಹೊಸಪೇಟ್ಯಾಗೆ ಬಸ್ ಬದಲಿಸಿದಂಗಲ್ಲ."

ಸ್ಟೂಲು ಎಳಕೊಂಡು ಕೂತು ಪಾಸ್‌ಪೋರ್ಟ್ ತೆರೆದಳು. ಫೋಟೋದಲ್ಲಿ ಮೀಸೆ ಬಿಟ್ಟ ಹುಡುಗ. ನನ್ನೆದುರು ಕೂತಿದ್ದವಳ ಮುಖ ಔಷಧಿಯಿಂದ ಮೆತ್ತಗಾಗಿ, ಕೂದಲು ಹೆಗಲಿಗೆ ಬಂದಿತ್ತು.

"ಮದ್ರಾಸಿನಾಗೆ ಕೇಳಿದ್ರೆ ಹೆಂಗೋ ಹೇಳ್ತೀನಿ, ನಮ್ಮ ದೇಶ. ಬ್ಯಾಂಕಾಕಿನಾಗೆ ಡಾಕ್ಟರ ಪತ್ರ ಐತೆ, ಕರಕೊಂಡು ಹೋಗಾಕೆ ಆಸ್ಪತ್ರೆಯವರು ಬರ್ತಾರೆ. ನಡುವಿನ ಊರಾಗೆ ನನಗೆ ಯಾರದಾರೆ? ನನ್ನಂಥಾರನ್ನ ಹಿಡಿದು ಕೂರಿಸೋ ಕಾನೂನು ಇರೋ ದೇಶಗಳದಾವೆ. ಮೈ ತಡವಿ ನೋಡೋ ಕಡೆ ಗಂಡಸರ ಸಾಲು ಬ್ಯಾರೆ, ಹೆಂಗಸರ ಸಾಲು ಬ್ಯಾರೆ. ನಾನು ಎಲ್ಲಿ ನಿಂತ್ರೂ ತಪ್ಪು. ಕೊರಳಿನ ಲಿಂಗದ ಕರಡಿಗೆನೂ ಬಿಚ್ಚು ಅಂತಾರೆ. ಎಷ್ಟು ಕಡೆ ಇಳೀತೀನೋ ಅಷ್ಟು ಕಡೆ ಇದೇ ಪರೀಕ್ಷೆ. ಬರೋವಾಗ ಹೊಲಿಗೆ ಹಸಿ ಇರ್ತೈತೆ, ರಾತ್ರಿಯೆಲ್ಲ ಖುರ್ಚಿ ಮ್ಯಾಲೆ ಕೂಡಾಕಾಗಲ್ಲ."

"ನಡುವೆ ಹಿಡಕೊಂಡ್ರೆ ನನಗೆ ಹೆಂಗೆ ಗೊತ್ತಾಗ್ತೈತೆ?"

"ಗೊತ್ತಾಗಲ್ಲ," ಅಂದಳು. ಆಮೇಲೆ ನನ್ನ ಮುಖ ನೋಡಿ, "ನಿನ್ನ ಶೂಲ ಕಾಲಿಗೆ ಚುಚ್ಚಿದ್ರೆ ಚುಚ್ಚಲಿ ಬಿಡು. ಗೊತ್ತಿಲ್ಲದ ಪೊಲೀಸರಿಗಿಂತ ವಾಸಿ," ಅಂತ ನಕ್ಕಳು.

ನನಗೆ ನಗು ಬರಲಿಲ್ಲ. ನೇರ ವಿಮಾನವೇ ಆಗಲಿ ಅಂದೆ. ಶೂಲಕ್ಕೆ ಪರಿಹಾರ ಹಿರಿಯರೇ ಹೇಳಿದ್ದಾರೆ, ಪ್ರಸ್ಥಾನ ಇಡೋಣ. ದಿನ ಕೂಡದಿದ್ದರೆ, ಒಳ್ಳೆಯ ದಿನವೇ ಒಂದು ಚೀಲದಲ್ಲಿ ಬಟ್ಟೆ, ಅಕ್ಕಿ, ಅರಿಸಿನ ಹಾಕಿ ಬೇರೆಯವರ ಮನೆಯಲ್ಲಿಟ್ಟು ಬರುವುದು. ಅಲ್ಲಿಗೆ ಪ್ರಯಾಣ ಶುರುವಾದಂಗೆ. ಹೊರಡುವ ದಿನ ದಾರಿಯಲ್ಲಿ ಚೀಲ ಎತ್ತಿಕೊಂಡು ಹೋದರಾಯಿತು.

ಆದರೆ ಯಾರ ಮನೆ? ಚೀಲ ತಗೊಂಡವರು ಯಾರು, ಎಲ್ಲಿಗೆ, ಯಾಕ ಅಂತ ಕೇಳುವುದು ಪದ್ಧತಿ. ಪಕ್ಕದ ಮನೆಯಾಕೆಗೆ ಹೇಳಿದರೆ ಸಂಜೆಯೊಳಗೆ ನಲ್ಲಿಯ ಹತ್ತಿರ ಮಾತು. ನಿಜಲಿಂಗಪ್ಪ ಬಡಾವಣೆಯಲ್ಲಿ ನಾದಿನಿ, ಸರಸ್ವತಿ ನಗರದಲ್ಲಿ ಚಿಕ್ಕಪ್ಪನ ಮಗಳು. ಮದುವೆ ಮುಂಜಿಗೆ ಎಲ್ಲರೂ ನನ್ನವರೇ. ಅವತ್ತು ಒಲೆ ಮುಂದೆ ಕೂತು ಯೋಚಿಸಿದಾಗ, ಇಡೀ ದಾವಣಗೆರೆಯಲ್ಲಿ ಒಂದು ಚೀಲ ಇಡಲಿಕ್ಕೆ ನನಗೆ ಮನೆ ಇರಲಿಲ್ಲ.

ಹೆಂಗಿದ್ದರೂ ಅವಳು ಹೊರಡುವುದು ಹರಿಹರದ ಖೋಲಿಯಿಂದ. ಅಲ್ಲಿ ಸ್ಟೇಷನ್ ದಾರಿಯಲ್ಲಿ ನಮ್ಮವ್ವನ ಗೆಳತಿ ಒಬ್ಬಾಕೆ ಇದ್ದಳು. ನಾವು ದೊಡ್ಡವ್ವ ಅಂತಿದ್ದೆವು. ಗುರುವಾರ ಬೆಳಿಗ್ಗೆ ಪೂಜೆ ಮುಗಿಸಿ, ಚೀಲದಲ್ಲಿ ಅವ್ವನ ಹಸಿರು ಇಳಕಲ್ ಸೀರೆ ಇಟ್ಟು, ಬಸ್ ಹತ್ತಿದೆ.

ದೊಡ್ಡವ್ವ ಬತ್ತಿ ಹೊಸೆಯುತ್ತ ಕೂತಿದ್ದಳು. "ಯಾರ್ದವ್ವ ಪ್ರಸ್ಥಾನ?"

"ತಂಗೀದು." ಬೇರೆಯವರ ಮುಂದೆ ನಾನು ಹಂಗಂದದ್ದು ಅದೇ ಮೊದಲು.

"ಯಾವ ತಂಗಿ? ನಿನ್ನ ಬೆನ್ನಿಗೆ ಬಿದ್ದದ್ದು ಗಂಡಲ್ಲೇನು?"

"ಅಲ್ಲ ದೊಡ್ಡವ್ವ. ನಾವಿಬ್ರೂ ಹೆಣ್ಮಕ್ಕಳೇ."

ಬತ್ತಿ ತೊಡೆಯ ಮೇಲೇ ಉಳಿಯಿತು. ಚೀಲದ ಬಾಯಲ್ಲಿ ಕಾಣುತ್ತಿದ್ದ ಸೀರೆಯ ಅಂಚನ್ನು ಬೆರಳಲ್ಲಿ ಮುಟ್ಟಿ ನೋಡಿದಳು; ಅವ್ವನ ಸೀರೆ ಅವಳಿಗೆ ಗುರುತು ಸಿಗದೆ ಇರುತ್ತದೆಯೇ.

"ಎತ್ತಲಾಗೆ ಹೋಗಾದು?"

"ಮೂಡಲಿಗೆ. ವಿಮಾನದಾಗೆ, ಆಸ್ಪತ್ರೆಗೆ."

"ನಡುವೆ ಎಲ್ಲಾರ ಇಳೀತಾಳೇನು?"

"ಇಲ್ಲ, ನೇರ."

"ಮತ್ತೆ ಚಲೋ ಆತು. ಒಬ್ಬಾಕಿ ಹೆಣ್ಮಗಳು, ಗೊತ್ತಿಲ್ಲದ ಊರಾಗೆ ಇಳೀಬಾರ್ದು," ಅಂದು ಚೀಲವನ್ನು ದೇವರ ಮಣೆಯ ಪಕ್ಕ ಇಟ್ಟಳು. ಇನ್ನೇನೂ ಕೇಳಲಿಲ್ಲ. ಚಹಾ ಕುಡಿಸಿ ಕಳಿಸಿದಳು.

ಶನಿವಾರ ಹರಿಹರದಿಂದ ಬರುವ ರೈಲು ದಾವಣಗೆರೆಯಲ್ಲಿ ನಿಲ್ಲುತ್ತಿತ್ತು. ತರಕಾರಿ ಚೀಲ ಹಿಡಕೊಂಡು ಪ್ಲಾಟ್‌ಫಾರಂ ಮೇಲೆ ನಿಂತಿದ್ದೆ. ನಮ್ಮ ಓಣಿಯ ಹೆಂಗಸೊಬ್ಬಳು ಸಿಕ್ಕು, "ಯಾರನ್ನ ಕಳಸಾಕೆ ಬಂದೀರಿ?" ಅಂದಳು. "ಯಾರನ್ನೂ ಇಲ್ರಿ," ಅಂದೆ. ಆಕೆ ಅಲ್ಲೇ ನಿಂತಳು. ಕಿಟಕಿಯಲ್ಲಿ ತಂಗಿ ಕಂಡಳು. ಪಾಸ್‌ಪೋರ್ಟಿನ ಹುಡುಗನಿಗೆ ಹೊಂದಲಿ ಅಂತ ಪ್ಯಾಂಟು ಶರ್ಟು ತೊಟ್ಟು, ಕೂದಲು ಟೋಪಿಯೊಳಗೆ ಸೇರಿಸಿದ್ದಳು. ನಾನು ಕೈ ಎತ್ತಲಿಲ್ಲ. ಅವಳು ತೊಡೆಯ ಮೇಲಿನ ಪ್ರಸ್ಥಾನದ ಚೀಲವನ್ನು ಒಂದೀಟು ಮೇಲೆತ್ತಿ ತೋರಿಸಿದಳು, ಅಷ್ಟೇ. ರೈಲು ಹೋಯಿತು. ಬೇಡದ ಬದನೆಕಾಯಿ ಕೊಂಡು ಮನೆಗೆ ಬಂದೆ.

ಆಮೇಲೆ ಫೋನಿನ ಹತ್ತಿರವೇ ಕೆಲಸ ಹುಡುಕಿಕೊಂಡೆ. ಅಕ್ಕಿ ಆರಿಸಿದೆ, ಆರಿಸಿದ್ದನ್ನೇ ಮತ್ತೆ ಆರಿಸಿದೆ. ಸೋಮವಾರ ಮಧ್ಯಾಹ್ನ ಫೋನು ಬಂತು.

"ಮುಟ್ಟಿದೆ ಅಕ್ಕಾ. ಆಸ್ಪತ್ರ್ಯಾಗದೀನಿ."

"ಎಲ್ಲಾರ ಹಿಡಿದ್ರೇನು?"

"ಮದ್ರಾಸಿನಾಗೆ ಬದಿಗೆ ನಿಲ್ಲಿಸಿದ್ರು. ಫೋಟೋ ನೋಡಾದು, ಮುಖ ನೋಡಾದು. ಕೊನೀಗೆ ದೊಡ್ಡ ಸಾಹೇಬರು ಬಂದು, ನಾಟಕದಾಗೆ ಪಾರ್ಟು ಮಾಡ್ತೀಯೇನು ಅಂದ್ರು. ಹೌದ್ರಿ, ಈ ಪಾರ್ಟು ಇವತ್ತಿಗೆ ಮುಗೀತು ಅಂದೆ. ನಕ್ಕು ಕಳಿಸಿದ್ರು." ಆಮೇಲೆ ಅಂದಳು, "ಇಂಥದು ಇನ್ನೊಂದು ಕಡೆ ಆಗಿದ್ರೆ ನನಗೆ ಧೈರ್ಯ ಸಾಲ್ತಿರಲಿಲ್ಲ."

ಫೋನು ಕಟ್ಟಾಯಿತು. ಬೇಳೆ, ಬೆಲ್ಲ ಹಾಕಿ ಪಾಯಸ ಮಾಡಿದೆ. ರಾತ್ರಿ ಊಟಕ್ಕೆ ನಮ್ಮ ಮನೆಯವರು, "ಏನು ವಿಶೇಷ?" ಅಂದರು. ನಾನು ಅವರ ಮುಖ ನೋಡಿದೆ. ಅವರು ತಾಟು ನೋಡುತ್ತ, "ಇನ್ನೊಂದೀಟು ಹಾಕು," ಅಂದರು. ಹಾಕಿದೆ.

ಬೆಳಿಗ್ಗೆ ಉಳಿದ ಪಾಯಸ ಡಬ್ಬಿಗೆ ತುಂಬಿ ಹರಿಹರದ ಬಸ್ ಹತ್ತಿದೆ. ಹೇಳಲಿಕ್ಕೆ ನನಗೆ ಇದ್ದದ್ದು ಅದೊಂದೇ ಮನೆ.

"ಮುಟ್ಟಿದಳಂತೇನು?" ಅಂದಳು ದೊಡ್ಡವ್ವ, ಬಾಗಿಲಲ್ಲೇ.

"ಮುಟ್ಟಿದಳಂತೆ."

ಬೆರಳಲ್ಲಿ ಪಾಯಸ ತಗೊಂಡು ನಾಲಗೆಗೆ ಹಚ್ಚಿದಳು. "ಬೆಲ್ಲ ಕಮ್ಮಿ ಆಗೇತಲ್ಲವ್ವ. ಬರೋವಾಗೂ ಎಲ್ಲೂ ಇಳೀಬ್ಯಾಡ ಅಂತ ಹೇಳೀಯಿಲ್ಲೋ?"

"ಹೇಳೀನಿ, ದೊಡ್ಡವ್ವ."